ನಾಲಿಗೆ ಬಲ್ಲ ಮಣ್ಣು

ಬೀದರಿನ ಕೋಟೆಯೊಳಗೆ ವರ್ಷಾನುಗಟ್ಟಲೆ ಬಿಸಿಲು ಮಳೆ ಕಾಣದ ಹಳೆಯ ಕಟ್ಟಡಗಳ ಮೂಲೆಗಳಿವೆ. ಅಲ್ಲಿಯ ಮಣ್ಣನ್ನು ಒಂದು ಚಿಟಿಕೆ ತೆಗೆದು, ನಾಲಿಗೆಯ ಮೇಲಿಟ್ಟುಕೊಂಡು, ಒಂದು ಗಳಿಗೆ ಸುಮ್ಮನಿದ್ದು, ‘ಇದು ನಡೀತದ’ ಎಂದೋ ‘ಇದು ಬ್ಯಾಡ’ ಎಂದೋ ಹೇಳುವ ಜನ ಈ ಊರಿನಲ್ಲಿದ್ದಾರೆ. ಅವರು ಬಿದ್ರಿ ಕೆಲಸಗಾರರು. ಯಾವ ರುಚಿಯ ಮಣ್ಣು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಕೇಳಿದರೆ ಅವರಲ್ಲಿ ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ. ಆ ನಗೆಯಲ್ಲಿ ಗುಟ್ಟು ಬಚ್ಚಿಡುವವನ ಜಾಣತನಕ್ಕಿಂತ, ಹೇಳಬೇಕೆಂದರೂ ಹೇಳಲಾಗದವನ ಸಂಕೋಚವೇ ಹೆಚ್ಚು. ಉಪ್ಪು, ಒಗರು, ಖಾರ ಎಂಬ ನಮ್ಮ ಅಡುಗೆಮನೆಯ ಮಾತುಗಳು ಆ ಮಣ್ಣಿನ ಹತ್ತಿರ ಹೋಗಿ ಹಿಂತಿರುಗಿ ಬಿಡುತ್ತವೆ.

ಆ ಮಣ್ಣಿನ ಸರದಿ ಬರುವುದು ಕೆಲಸದ ಕಟ್ಟಕಡೆಗೆ. ಮೊದಲು ಸತು ಮತ್ತು ತಾಮ್ರವನ್ನು, ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರದಂತೆ, ಕರಗಿಸಿ ಅಚ್ಚಿಗೆ ಎರೆಯುತ್ತಾರೆ. ಅಚ್ಚು ಮಾಡುವ ಮಣ್ಣಿಗೆ ಹರಳೆಣ್ಣೆ ಮತ್ತು ರಾಳ ಬೆರೆತಿರುತ್ತದೆ. ಅಚ್ಚಿನಿಂದ ಬಂದ ಹೂಜಿ, ತಟ್ಟೆ, ಹುಕ್ಕಾದ ಬುಡವನ್ನು ಅರ ಹಾಕಿ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಚೂಪು ಮೊನೆಯಿಂದ ಬಳ್ಳಿ, ಹೂವು, ಎಲೆಗಳನ್ನು ಬರಿಗೈಯಲ್ಲೇ ಬರೆಯಲಾಗುತ್ತದೆ. ಬರೆದ ಗೆರೆಯನ್ನು ಸಣ್ಣ ಉಳಿಯಿಂದ ಕೊರೆದು, ಕೊರೆದ ತೋಡಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂಡಿಸಿ ಮೆಲ್ಲಗೆ ಬಡಿಯುತ್ತಾರೆ. ತಂತಿಯ ಕೆಲಸಕ್ಕೆ ತಾರಕಶಿ ಎಂದೂ ತಗಡಿನ ಕೆಲಸಕ್ಕೆ ತಹನಿಶಾನ್ ಎಂದೂ ಹೆಸರು. ಮತ್ತೆ ಉಜ್ಜಿದಾಗ ಮೊದಲಿನ ಕಪ್ಪು ಹೋಗಿ ಬಿಡುತ್ತದೆ. ಬೆಳ್ಳಿ ಯಾವುದು, ಪಾತ್ರೆ ಯಾವುದು ಎಂದು ಕಣ್ಣಿಗೆ ಗೊತ್ತಾಗದಂತೆ ಎಲ್ಲವೂ ಒಂದೇ ಬಿಳುಪು. ಆಮೇಲೆ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ, ನೀರಿನಲ್ಲಿ ಕಲಸಿ, ಕಾಯಿಸಿದ ಪಾತ್ರೆಗೆ ಹಚ್ಚುತ್ತಾರೆ. ನೋಡನೋಡುತ್ತ ಪಾತ್ರೆ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮಣ್ಣು ತಪ್ಪಿದರೆ ಕಪ್ಪು ಕೂಡುವುದಿಲ್ಲ. ಅಷ್ಟು ದಿನ ಬೇರೆ ಬೇರೆ ಕೈಗಳು ಮಾಡಿದ ಕೆಲಸ ಕೊನೆಯ ಗಳಿಗೆಯಲ್ಲಿ ಮಂಕಾಗುತ್ತದೆ.

ಇದರಲ್ಲಿ ಗುಟ್ಟೆಂಬುದು ಎಲ್ಲಿದೆ? ಮೇಲಿನ ಒಂದು ಪ್ಯಾರಾದಲ್ಲಿ ಎಲ್ಲವೂ ಹೇಳಿಯಾಯಿತಲ್ಲ ಎಂದು ಓದುಗರಿಗೆ ಅನಿಸಿದರೆ ಅದು ಸಹಜವೇ. ಈ ಪಾಕ ಅಚ್ಚಾಗಿರುವುದು ಇಂದು ನಿನ್ನೆಯೂ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞ 19ನೇ ಶತಮಾನದ ಆರಂಭದಲ್ಲಿಯೇ ಬಿದ್ರಿಯ ಲೋಹದ ಮಿಶ್ರಣವನ್ನು ಕುರಿತು ಬರೆದಿದ್ದ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಬಿದ್ರಿ ವಸ್ತುಗಳನ್ನು ಜಗತ್ತು ಸಾಲುಗಟ್ಟಿ ನೋಡಿತು. ಇಂದು ಬೇಕೆಂದವರಿಗೆ ಮಿಶ್ರಣದ ಲೆಕ್ಕವೂ ಮಣ್ಣಿನ ಪರೀಕ್ಷೆಯ ವರದಿಯೂ ಸಿಗುತ್ತವೆ. ಆದರೂ ಆ ಬರಹಗಳನ್ನು ಓದಿದ ಮಾತ್ರಕ್ಕೆ ಬಿದ್ರಿ ಮಾಡಲು ಕುಳಿತವರ ಸುದ್ದಿ ಕೇಳಿದವರಿಲ್ಲ. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಎಂದು ನಮ್ಮ ಹಿರಿಯರು ಕೇಳಿದ್ದು ಸುಮ್ಮನೆ ಅಲ್ಲ. ಬುತ್ತಿ ಒಂದು ದಾರಿಗೆ ಸಾಕು. ಅಡುಗೆ ಕಲಿಯಬೇಕಾದರೆ ಒಲೆಯ ಮುಂದೆ ಕೂಡಿಸಿಕೊಳ್ಳುವವರು ಬೇಕು.

ಕೂಡಿಸಿಕೊಳ್ಳುವುದು ಎಂದರೆ ನಂಬುವುದು. ಉಸ್ತಾದ ಒಬ್ಬ ಹುಡುಗನನ್ನು ಕೆಲಸಕ್ಕೆ ಸೇರಿಸಿಕೊಂಡ ದಿನವೇ ಮಣ್ಣಿನ ರುಚಿ ತೋರಿಸುವುದಿಲ್ಲ. ಹುಡುಗ ಮೊದಲು ಕುಲುಮೆ ಊದಬೇಕು, ಅರ ಹಾಕಬೇಕು, ಚಹಾ ತರಬೇಕು. ಈ ತಡದಲ್ಲಿ ಬರೀ ಗತ್ತೇ ಇದೆ ಎನ್ನಲಾಗದು, ಮೂರು ಅಂಜಿಕೆಗಳೂ ಇವೆ. ಕಲಿತ ಹುಡುಗ ನಾಳೆ ಎದುರಿಗೇ ಅಂಗಡಿ ಹಾಕಿದರೆ? ಎಲ್ಲವನ್ನೂ ಹೇಳಿಕೊಟ್ಟ ಮೇಲೆ ತನ್ನನ್ನು ಯಾರು ಕೇಳುತ್ತಾರೆ? ಅರೆಬರೆ ಕಲಿತು ಕೆಟ್ಟ ಮಾಲು ಮಾಡಿ ತನ್ನ ಹೆಸರು ಹೇಳಿ ಮಾರಿದರೆ? ಹುಡುಗನ ಕಡೆಯಿಂದಲೂ ಒಂದು ಅಂಜಿಕೆ ಉಂಟು. ಅದನ್ನು ಯಾರೂ ಎಣಿಸುವುದಿಲ್ಲ. ಕೇಳಿದರೆ ದಡ್ಡ ಎಂದಾರು ಎಂಬುದೇ ಆ ಅಂಜಿಕೆ. ಕೇಳದೆ ಉಳಿದ ಪ್ರಶ್ನೆಯೂ ಹೇಳದೆ ಉಳಿದ ಉತ್ತರವೂ ಒಂದೇ ಚಾಪೆಯ ಮೇಲೆ ಎದುರುಬದುರು ಕುಳಿತು ವರ್ಷಗಳನ್ನು ಕಳೆಯುವುದುಂಟು.

ಈ ಅಂಜಿಕೆಗೆ ಬೀಗ ಹಾಕಿ ನೋಡಿದವರೂ ಇದ್ದಾರೆ. 1291ರಲ್ಲಿ ವೆನಿಸ್ ನಗರ ತನ್ನ ಗಾಜಿನ ಕುಲುಮೆಗಳನ್ನೆಲ್ಲ ಮುರಾನೊ ಎಂಬ ದ್ವೀಪಕ್ಕೆ ಸಾಗಿಸಿತು. ಬೆಂಕಿಯ ಭಯ ಅದಕ್ಕೆ ಒಂದು ಕಾರಣ. ಆದರೆ ಬರಬರುತ್ತ ಆ ದ್ವೀಪ ಕಸುಬಿನ ಗುಟ್ಟನ್ನು ಕಾಯುವ ಕೋಟೆಯೂ ಆಯಿತು. ಗಾಜಿನ ಕೆಲಸಗಾರ ಊರು ಬಿಟ್ಟು ಹೋಗುವುದು ಅಪರಾಧವಾಯಿತು. ಹಾಗಿದ್ದೂ 1660ರ ದಶಕದಲ್ಲಿ ಫ್ರಾನ್ಸಿನ ಮಂತ್ರಿ ಕೋಲ್ಬೆರ್ ಅಲ್ಲಿಯ ಕನ್ನಡಿ ಕೆಲಸಗಾರರನ್ನು ಆಸೆ ತೋರಿಸಿ ಪ್ಯಾರಿಸ್‌ಗೆ ಕರೆಸಿಕೊಂಡ. ನೀರು ಸುತ್ತುವರಿದ ದ್ವೀಪವೂ ಗುಟ್ಟನ್ನು ಹಿಡಿದಿಡಲಿಲ್ಲ. ಬಿದ್ರಿಯ ಕಥೆ ಇದಕ್ಕೆ ತಿರುಗುಮುರುಗು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಇರಾನಿನಿಂದ ಬಂದ ಅಬ್ದುಲ್ಲಾ ಬಿನ್ ಕೈಸರ್ ಎಂಬ ಕುಶಲಕರ್ಮಿ ಇಲ್ಲಿಯವರಿಗೆ ಈ ಕೆಲಸ ಕಲಿಸಿದ ಎಂಬುದು ಕಸುಬಿನವರ ನಂಬಿಕೆ. ಅದು ನಿಜವಾದರೆ, ಈ ಊರಿನ ಹೆಸರು ಹೊತ್ತ ಕಲೆ ಹುಟ್ಟಿದ್ದೇ ಪರದೇಶದವನೊಬ್ಬ ಪರಭಾಷೆಯ ಹುಡುಗರನ್ನು ನಂಬಿದ್ದರಿಂದ.

ಕುಲುಮೆಯ ಮಾತು ಇಷ್ಟು. ಆದರೆ ಇಂದು ನಮ್ಮಲ್ಲಿ ಹೆಚ್ಚು ಜನ ಕೂಡುವುದು ಕುಲುಮೆಯ ಮುಂದಲ್ಲ, ಕಚೇರಿಯ ಮೇಜಿನ ಮುಂದೆ. ಅಲ್ಲಿಯೂ ಉಸ್ತಾದರಿದ್ದಾರೆ, ಶಾಗಿರ್ದರಿದ್ದಾರೆ. ಅಲ್ಲಿಯೂ ನಾಲಿಗೆ ಮಾತ್ರ ಬಲ್ಲ ಮಣ್ಣು ಇದೆ.

ಬೀದರ ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಡಳಿತದ ಭಾಷೆ ಉರ್ದು. ಆದ್ದರಿಂದ ಇಲ್ಲಿಯ ಹಳೆಯ ಜಮೀನಿನ ಕಾಗದಗಳು ಉರ್ದುವಿನಲ್ಲಿವೆ. ವರ್ಷಗಳ ಲೆಕ್ಕ ಫಸಲಿಯಲ್ಲಿದೆ. ಫಸಲಿ 1357 ಎಂದಿದ್ದರೆ ಅದಕ್ಕೆ 590 ಕೂಡಿಸಿ 1947 ಎಂದು ಓದಿಕೊಳ್ಳಬೇಕು. ಅವಸರದ ಕೈಬರಹದಲ್ಲಿ ಅಕ್ಷರದ ಚುಕ್ಕಿಗಳು ಮಾಯವಾಗಿರುತ್ತವೆ. ಉರ್ದು ಲಿಪಿಯಲ್ಲಿ ಚುಕ್ಕಿ ಕೆಳಗಿದ್ದರೆ ‘ಬ’, ಮೇಲಿದ್ದರೆ ‘ನ’. ಚುಕ್ಕಿಯೇ ಇಲ್ಲದಿದ್ದರೆ ಬಾಬಾರಾವ್ ಎಂಬ ಹೆಸರೂ ನಾನಾರಾವ್ ಎಂಬ ಹೆಸರೂ ಒಂದೇ ಗೆರೆ. ಎರಡೂ ಈ ಕಡೆ ಊರೂರಿಗೆ ಸಿಗುವ ಹೆಸರುಗಳು. ಒಂದು ಚುಕ್ಕಿಯ ಮೇಲೆ ಒಂದು ಮನೆಯ ನಾಲ್ಕು ಎಕರೆ ನಿಂತಿರುತ್ತದೆ.

ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಅದರಿಂದ ರೈತನಿಗೆ ಆದ ಅನುಕೂಲ ಸಣ್ಣದಲ್ಲ. ಆದರೆ ತಕರಾರು ಎದ್ದಾಗ ‘ಇದರ ಹಿಂದೆ ಯಾರ ಹೆಸರಿತ್ತು, ಅದರ ಹಿಂದೆ ಯಾರ ಹೆಸರಿತ್ತು’ ಎಂದು ಹಿಂದಕ್ಕೆ ಹೋಗುತ್ತ ಹೋಗುತ್ತ, ಯಂತ್ರದ ದಾರಿ ಮುಗಿದು ದಫ್ತರದ ಬಟ್ಟೆಯ ಗಂಟು ಶುರುವಾಗುತ್ತದೆ. ಆ ಗಂಟನ್ನು ಸ್ಕ್ಯಾನ್ ಮಾಡಿ ಯಂತ್ರದಲ್ಲಿ ತೋರಿಸಬಹುದು. ಇಲ್ಲದ ಚುಕ್ಕಿಯನ್ನು ಸ್ಕ್ಯಾನ್ ಮಾಡಲು ಬರುವುದಿಲ್ಲ.

ಜಿಲ್ಲೆಯ ಒಂದು ಕಚೇರಿಯ ರಿಕಾರ್ಡ್ ರೂಮಿನಲ್ಲಿ ಆ ಗಂಟುಗಳನ್ನು ಬಲ್ಲ ಒಬ್ಬ ಹಿರಿಯ ನೌಕರರಿದ್ದರು. ಎಲ್ಲರೂ ಅವರನ್ನು ಮುನ್ಶಿ ಕಾಕಾ ಎನ್ನುತ್ತಿದ್ದರು. ಹೆಚ್ಚು ಮಾತಿನವರಲ್ಲ. ಹಳೆಯ ಕಾಗದ ಓದಬೇಕಾದಾಗ ಯಾರಾದರೂ ಕಡತ ತಂದು ಮುಂದಿಟ್ಟರೆ ಓದಿ ಹೇಳುವರು. ಹೇಗೆ ಓದಿದಿರಿ ಎಂದು ಕೇಳಿದರೆ ಕನ್ನಡಕ ಒರೆಸಿಕೊಳ್ಳುವರು. ಅವರ ಮೇಜಿನ ಸೆಳೆಖಾನೆಯಲ್ಲಿ ಕೆಂಪು ರಟ್ಟಿನ ನೋಟು ಬುಕ್ಕುಗಳಿದ್ದವು. ಸೆಳೆಖಾನೆಗೆ ಬೀಗವಿತ್ತು.

ಅವರ ನಿವೃತ್ತಿಗೆ ಎಂಟು ತಿಂಗಳು ಉಳಿದಿರುವಾಗ ಕಚೇರಿಗೆ ಹೊಸ ಅಧಿಕಾರಿ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಉತ್ಸಾಹಿ, ಒಳ್ಳೆಯವರು. ಯಾರಿಗೆ ಏನು ಗೊತ್ತೋ ಅದನ್ನು ಎಲ್ಲರೂ ಬರೆದಿಡಬೇಕು, ಒಬ್ಬರು ವರ್ಗವಾಗಿ ಹೋದರೂ ಕೆಲಸ ನಿಲ್ಲಬಾರದು ಎಂಬುದು ಅವರ ಆಸೆ. ಅದಕ್ಕಾಗಿ ಗಣಕಯಂತ್ರದಲ್ಲಿ ಒಂದು ಕೋಶ ತೆರೆದರು, ಫೋನಿನಲ್ಲಿ ಒಂದು ಗುಂಪು ಮಾಡಿದರು. ಮೊದಲ ವಾರ ಗುಂಪಿನಲ್ಲಿ ಗುಲಾಬಿ ಹೂವಿನೊಡನೆ ಶುಭೋದಯಗಳು ಬಂದವು. ಎರಡನೆಯ ವಾರ ತುಟ್ಟಿಭತ್ಯೆಯ ಆದೇಶ ಬಂತು. ಕೋಶ ಮಾತ್ರ ಖಾಲಿ. ಅಧಿಕಾರಿಗಳು ಬೇಸರಪಟ್ಟು, ಪ್ರತಿಯೊಬ್ಬರೂ ತಿಂಗಳಿಗೆ ಎರಡು ಟಿಪ್ಪಣಿ ಬರೆಯತಕ್ಕದ್ದು ಎಂದು ಸುತ್ತೋಲೆ ಹೊರಡಿಸಿದರು. ಆಗ ಟಿಪ್ಪಣಿಗಳು ಬಂದವು. ‘ಕಡತಕ್ಕೆ ಪುಟಸಂಖ್ಯೆ ಹಾಕಬೇಕು.’ ‘ಸಾರ್ವಜನಿಕರೊಂದಿಗೆ ಸೌಜನ್ಯದಿಂದ ವರ್ತಿಸಬೇಕು.’ ‘ಹೊರಗೆ ಹೋಗುವಾಗ ಫ್ಯಾನು ಆರಿಸಬೇಕು.’ ಲೆಕ್ಕಕ್ಕೆ ಎರಡು ಎರಡೇ. ಆಜ್ಞೆ ಪಾಲನೆಯಾಯಿತು. ಯಾರಿಗೂ ಗೊತ್ತಿರುವುದು ಯಾವುದೂ ಹೊರಗೆ ಬರಲಿಲ್ಲ.

ಮುನ್ಶಿ ಕಾಕಾ ಅದನ್ನೂ ಬರೆಯಲಿಲ್ಲ. ಹಟಮಾರಿ ಎಂದರು ಕೆಲವರು. ಹೋಗುವಾಗ ಎಲ್ಲ ಗಂಟುಕಟ್ಟಿಕೊಂಡು ಹೋಗುತ್ತಾನೆ ಎಂದರು ಮತ್ತೆ ಕೆಲವರು. ಅವರ ಹಟಕ್ಕೊಂದು ಹಿನ್ನೆಲೆ ಇತ್ತು. ಹಿಂದೆ, ಬೇರೆ ಕಚೇರಿಯಲ್ಲಿದ್ದಾಗ, ಹಳೆಯ ಉರ್ದು ದಾಖಲೆ ಓದುವ ಬಗೆಯನ್ನು ಕುರಿತು ಅವರು ನಲವತ್ತು ಪುಟ ಬರೆದುಕೊಟ್ಟಿದ್ದರು. ಅದು ಮೇಲಕ್ಕೆ ಹೋಯಿತು. ಒಂದು ವರ್ಷದ ಮೇಲೆ ಟೈಪಾಗಿ ಕೆಳಗೆ ಬಂದಾಗ ಮೊದಲ ಪುಟದಲ್ಲಿ ಬೇರೆಯವರ ಹೆಸರಿತ್ತು. ಕಾಕಾ ಜಗಳ ಮಾಡಲಿಲ್ಲ. ಅಂದಿನಿಂದ ಅವರು ಬರೆಯುವುದನ್ನೂ ಬಿಡಲಿಲ್ಲ, ತೋರಿಸುವುದನ್ನು ಬಿಟ್ಟರು.

ಬೀದರಿನವರಿಗೆ ಇದು ಹೊಸ ಕಥೆಯಲ್ಲ. ಊರ ನಡುವೆ ನಿಂತಿರುವ ಮದರಸಾವನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನ್ ವಿದ್ಯೆಯನ್ನು ಹಂಚಲು ದೂರದೂರದ ಪಂಡಿತರನ್ನೂ ಸಾವಿರಾರು ಹಸ್ತಪ್ರತಿಗಳನ್ನೂ ಕೂಡಿಸಿದವನು. ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡ ವೈರಿಗಳು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡು, ಆಮೇಲೆ ಅದರ ಮೇಲೆ ರಾಜದ್ರೋಹದ ಪತ್ರ ಬರೆದರು. 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ. ನಂಬಿ ಕೊಟ್ಟ ಕಾಗದದ ಮೇಲೆ ಯಾರು ಏನು ಬರೆಯುತ್ತಾರೋ ಎಂಬ ಭಯ ಈ ಊರಿನಲ್ಲಿ ಐದು ನೂರು ವರ್ಷಕ್ಕಿಂತ ಹಳೆಯದು.

ಕಾಕಾನ ಬೀಗ ಸಡಿಲವಾದದ್ದು ಸುತ್ತೋಲೆಯಿಂದಲ್ಲ. ಔರಾದ ಕಡೆಯ ಒಬ್ಬ ಹುಡುಗಿ ಆ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ ವರ್ಷವಾಗಿತ್ತು. ಅವಳ ಮೇಜಿಗೆ ಒಬ್ಬ ವಿಧವೆಯ ಕಡತ ಬಂತು. ಜಮೀನು ಗಂಡನ ಅಜ್ಜನದೆಂದು ಆಕೆ. ಹಳೆಯ ಕಾಗದದಲ್ಲಿ ಹೆಸರೇ ಬೇರೆ ಎಂದು ಎದುರಿನವರು. ಕಡತದಲ್ಲಿದ್ದ ಕನ್ನಡ ತರ್ಜುಮೆಯಲ್ಲಿ ನಾನಾರಾವ್ ಎಂದಿತ್ತು. ಹುಡುಗಿ ಅದನ್ನೇ ನಂಬಿ ಟಿಪ್ಪಣಿ ಬರೆದಿದ್ದಳು. ಬರೆದ ಮೇಲೆ ಏಕೋ ಮನಸ್ಸು ಒಪ್ಪಲಿಲ್ಲ. ಮುದುಕಿ ಮೂರು ಸಲ ಬಸ್ಸು ಹಿಡಿದು ಬಂದಿದ್ದಳು. ಮೂರು ಸಲವೂ ಅದೇ ಹೆಸರು ಹೇಳಿದ್ದಳು. ಸುಳ್ಳು ಹೇಳುವವರು ಸ್ವಲ್ಪವಾದರೂ ಬದಲಿಸಿ ಹೇಳುತ್ತಾರೆ.

ಆ ಹುಡುಗಿ ಯಾರೂ ಮಾಡದ ಕೆಲಸ ಮಾಡಿದಳು. ಅಧಿಕಾರಿಗಳೂ ಇದ್ದ ಆ ಫೋನಿನ ಗುಂಪಿನಲ್ಲಿ, ಎಲ್ಲರೂ ನೋಡುವಂತೆ, ಕಾಗದದ ಚಿತ್ರ ಹಾಕಿ ಬರೆದಳು: ‘ಈ ಹೆಸರನ್ನು ನಾನು ತಪ್ಪಾಗಿ ಬರೆದಿರಬಹುದು ಎಂದು ಅನುಮಾನ. ನನಗೆ ಉರ್ದು ಬರುವುದಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.’ ಆ ದಿನ ಯಾರೂ ಉತ್ತರಿಸಲಿಲ್ಲ. ತಪ್ಪನ್ನು ತಾನೇ ಚಾವಡಿಗೆ ತಂದು ಇಟ್ಟಳಲ್ಲ ಎಂದು ಒಂದಿಬ್ಬರು ನಕ್ಕರು.

ಮರುದಿನ ಊಟದ ಹೊತ್ತಿಗೆ ಕಾಕಾ ಎರಡು ದಫ್ತರ ಹೊತ್ತುಕೊಂಡು ಅವಳ ಮೇಜಿಗೇ ಬಂದರು.

“ಚುಕ್ಕಿ ಇಲ್ದಾಗ ಹೆಸರ ಓದಬಾರ್ದು ಬೇಟಿ. ಮುಂದಿನ ವರ್ಷ ಓದಬೇಕು” ಎಂದರು.

“ಅಂದ್ರ ಹ್ಯಾಂಗ್ರಿ ಕಾಕಾ?”

“ಪಟವಾರಿ ಬದಲಾದ ವರ್ಷ ಹುಡುಕು. ಹಳಬಗ ಊರೆಲ್ಲ ಗೊತ್ತಿರ್ತದ, ಅಂವ ಚುಕ್ಕಿ ಇಡಾಂಗಿಲ್ಲ. ಹೊಸಬ ಅಂಜ್ತಾನ. ಅಂಜಿದಂವ ಚುಕ್ಕಿ ಇಡ್ತಾನ.”

ಎರಡು ಗಂಟು ಬಿಚ್ಚಿ ಮೂರು ವರ್ಷ ಮುಂದಕ್ಕೆ ಹೋದಾಗ ಕೈಬರಹ ಬದಲಾಗಿತ್ತು. ಹೊಸ ಪಟವಾರಿ ಶಾಲೆಯ ಹುಡುಗನಂತೆ ಒಂದೊಂದು ಅಕ್ಷರಕ್ಕೂ ಚುಕ್ಕಿ ಇಟ್ಟಿದ್ದ. ಅದೇ ಸರ್ವೆ ನಂಬರು, ಅದೇ ಎಕರೆ ಗುಂಟೆ. ಚುಕ್ಕಿ ಕೆಳಗಿತ್ತು. ಬಾಬಾರಾವ್.

ಹುಡುಗಿ ತನ್ನ ಟಿಪ್ಪಣಿಯನ್ನು ತಿದ್ದಿ, ಹೆಸರಿನ ಬಗ್ಗೆ ಉಂಟಾದ ಸಂಶಯವನ್ನೂ ಅದು ಪರಿಹಾರವಾದ ಬಗೆಯನ್ನೂ ಕಾಣಿಸಿ ಕಡತವನ್ನು ಮೇಲಕ್ಕೆ ಕಳಿಸಿದಳು. ತೀರ್ಮಾನ ಏನಾಗುತ್ತದೆ ಎಂಬುದು ಮೇಲಿನವರಿಗೆ ಬಿಟ್ಟದ್ದು. ಕಡತವಂತೂ ಸರಿಯಾದ ಹೆಸರಿನೊಡನೆ ಹೋಯಿತು. ಆಮೇಲೆ ಅವಳು ಕೋಶದಲ್ಲಿ ಅರ್ಧ ಪುಟದ ಟಿಪ್ಪಣಿ ಬರೆದಳು. ಹಾಕುವ ಮೊದಲು ಕಾಕಾಗೆ ಓದಿ ತೋರಿಸಿದಳು. ಅವರು ಎರಡು ಕಡೆ ತಿದ್ದಿದರು. ಕೊನೆಯಲ್ಲಿ ಅವಳು ಎರಡು ಸಾಲು ಸೇರಿಸಿದ್ದಳು: ಹೇಳಿಕೊಟ್ಟವರು ಇಂಥವರು ಎಂದು ಕಾಕಾನ ಪೂರ್ಣ ಹೆಸರು ಒಂದು ಸಾಲು, ಮೊದಲು ತಪ್ಪಾಗಿ ಬರೆದವಳು ಎಂದು ತನ್ನ ಹೆಸರು ಇನ್ನೊಂದು ಸಾಲು. ಕಾಕಾ ಆ ಎರಡು ಸಾಲನ್ನು ಬಹಳ ಹೊತ್ತು ನೋಡಿದರು. ಏನೂ ಅನ್ನಲಿಲ್ಲ. ಮರುವಾರ ಕೆಂಪು ರಟ್ಟಿನ ಒಂದು ನೋಟು ಬುಕ್ಕು ಸೆಳೆಖಾನೆಯಿಂದ ಹೊರಗೆ ಬಂತು.

ಇದನ್ನು ಒಂದು ಹುಡುಗಿಯ ಒಳ್ಳೆಯತನದ ಕಥೆಯೆಂದು ಬಿಟ್ಟುಬಿಡುವಂತಿಲ್ಲ. ಸಾವಿರಾರು ಮೈಲಿ ಆಚೆ, ಬೇರೆಯೇ ಕಸುಬಿನಲ್ಲಿ, ಇದೇ ಸಂಗತಿ ಕಂಡುಬಂದಿದೆ. ಅಮೆರಿಕದ ಜೆರಾಕ್ಸ್ ಕಂಪನಿಯ ಯಂತ್ರ ರಿಪೇರಿ ಮಾಡುವವರ ಜೊತೆ ತಿರುಗಾಡಿ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞ 1996ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಕಂಪನಿ ಕೊಟ್ಟ ದಪ್ಪ ಕೈಪಿಡಿಯಲ್ಲಿ ಇಲ್ಲದ ತೊಂದರೆಗಳೇ ಯಂತ್ರಗಳಿಗೆ ಹೆಚ್ಚಾಗಿ ಬರುತ್ತಿದ್ದವು. ಅದನ್ನು ಸರಿಪಡಿಸುವ ಉಪಾಯಗಳು ಆ ಮೆಕ್ಯಾನಿಕ್‌ಗಳು ತಿಂಡಿ ತಿನ್ನುತ್ತ, ಕಾಫಿ ಕುಡಿಯುತ್ತ ಹೇಳಿಕೊಳ್ಳುವ ಕಥೆಗಳಲ್ಲಿ ಇರುತ್ತಿದ್ದವು. ಇದನ್ನರಿತ ಕಂಪನಿ ‘ಯುರೇಕಾ’ ಎಂಬ ವ್ಯವಸ್ಥೆಯನ್ನು ಮಾಡಿತು. ಮೆಕ್ಯಾನಿಕ್ ತನಗೆ ಹೊಳೆದ ಉಪಾಯವನ್ನು ಬರೆಯುತ್ತಾನೆ. ಅದು ಸರಿಯೋ ತಪ್ಪೋ ಎಂದು ಅದೇ ಕೆಲಸ ಬಲ್ಲವರು ನೋಡುತ್ತಾರೆ. ಒಪ್ಪಿತವಾದರೆ ಎಲ್ಲ ಕಡೆಯ ಮೆಕ್ಯಾನಿಕ್‌ಗಳಿಗೂ ಸಿಗುತ್ತದೆ. ಬರೆದವರಿಗೆ ಹಣದ ಬಹುಮಾನ ಕೊಡೋಣವೇ ಎಂಬ ಮಾತು ಬಂದಾಗ ಮೆಕ್ಯಾನಿಕ್‌ಗಳು ಹಣಕ್ಕಿಂತ ಉಪಾಯದ ಜೊತೆಗೆ ತಮ್ಮ ಹೆಸರು ಇರಲಿ ಎಂದರು.

ಹೆಸರು ಎಂಬುದನ್ನು ಬರೀ ಕೀರ್ತಿಯ ಆಸೆ ಎಂದು ತಿಳಿಯುವುದು ಸರಿಯಲ್ಲ. ಹೆಸರಿದ್ದರೆ ಹೇಳಿದವನಿಗೆ ಹೊಣೆ ಇರುತ್ತದೆ, ಕೇಳುವವನಿಗೆ ವಿಳಾಸ ಇರುತ್ತದೆ. ಇಂಥವರು ಹೇಳಿದ್ದಾರೆ ಎಂದರೆ ನಂಬಬಹುದು, ಅನುಮಾನ ಬಂದರೆ ಹೋಗಿ ಕೇಳಬಹುದು. ಹೆಸರಿಲ್ಲದ ಟಿಪ್ಪಣಿ ಸಂತೆಯಲ್ಲಿ ಸಿಕ್ಕ ಬುತ್ತಿಯ ಹಾಗೆ. ಹಸಿವಿದ್ದರೂ ಬಿಚ್ಚಿ ತಿನ್ನಲು ಧೈರ್ಯವಾಗುವುದಿಲ್ಲ. ಪರಿಶೀಲಿಸುವವರು ಯಾರು ಎಂಬುದೂ ಅಷ್ಟೇ ದೊಡ್ಡ ಮಾತು. ಮಣ್ಣಿನ ರುಚಿ ನೋಡಿದವನು ತಪ್ಪು ಎಂದರೆ ಯಾರಿಗೂ ನೋವಾಗುವುದಿಲ್ಲ. ಮಣ್ಣು ಮುಟ್ಟದವನು ಸರಿ ಎಂದರೂ ನೋವಾಗುತ್ತದೆ.

ನಂಬಿಕೆ ಇದ್ದರೆ ವ್ಯವಸ್ಥೆಯೇ ಬೇಡವೆಂದೇನೂ ಅಲ್ಲ. ಆದರೆ ನಂಬಿಕೆ ಇದ್ದ ಕಡೆ ವ್ಯವಸ್ಥೆಯ ವಿರುದ್ಧವೇ ವಿದ್ಯೆ ಹರಿದದ್ದನ್ನು ಬೀದರ ನೋಡಿದೆ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ಈ ಜಿಲ್ಲೆಯ ಮನೆಮನೆಯ ಮಾತು. ಆ ಶಾಲೆ ನಡೆಯಬೇಕಾದರೆ ಎಷ್ಟು ಜನ ಎಷ್ಟು ಜನರನ್ನು ನಂಬಿರಬೇಕು! ಮಕ್ಕಳು ಹೊರಗೆ ಹೋಗಿ ಬಾಯಿ ಬಿಡುವುದಿಲ್ಲ ಎಂದು ಗುರು ನಂಬಬೇಕು. ಮಗನಿಗೆ ತೊಂದರೆಯಾಗದಂತೆ ಗುರು ನೋಡಿಕೊಳ್ಳುತ್ತಾರೆ ಎಂದು ತಾಯಿ ನಂಬಬೇಕು. ನೆರೆಮನೆಯವನು ಚಾಡಿ ಹೇಳುವುದಿಲ್ಲ ಎಂದು ಊರು ನಂಬಬೇಕು. ಅಲ್ಲಿ ಸುತ್ತೋಲೆ ಇರಲಿಲ್ಲ, ತಿಂಗಳಿಗೆ ಎರಡು ಎಂಬ ಲೆಕ್ಕ ಇರಲಿಲ್ಲ. ಫಲಕದಲ್ಲಿ ಬರೆದದ್ದಕ್ಕಿಂತ ಒಳಗೆ ಕಲಿಸಿದ್ದು ಮುಂದಿನ ತಲೆಮಾರಿಗೆ ತಲುಪಿತು. ಇಂದಿನ ಎಷ್ಟೋ ಕಚೇರಿಗಳಲ್ಲಿ ಸ್ಥಿತಿ ಉಲ್ಟಾ. ಹೊರಗಿನ ಫಲಕದಲ್ಲಿ ಜ್ಞಾನ ಹಂಚಿಕೆ ಎಂದಿದೆ, ಒಳಗೆ ಎಲ್ಲರೂ ಬಾಯಿ ಹೊಲಿದುಕೊಂಡಿದ್ದಾರೆ.

ಬಿದ್ರಿಯ ಕಥೆಗೆ ಮತ್ತೆ ಬಂದರೆ, ಅಲ್ಲಿಯೂ ಹೆಸರಿನ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದೆ. 2006ರಲ್ಲಿ ಬಿದ್ರಿ ಕಲೆಗೆ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ಪಾಕವನ್ನು ಯಾರು ಬೇಕಾದರೂ ಓದಲಿ, ಬಿದ್ರಿ ಎಂಬ ಹೆಸರು ಮಾತ್ರ ಆ ಕಸುಬಿನವರದು ಎಂದು ಕಾನೂನು ಹೇಳಿತು. ಗುಟ್ಟು ಕಾಯುವ ಭಾರ ಇಳಿದರೆ ಹೇಳಿಕೊಡುವ ಕೈ ಸ್ವಲ್ಪ ಸಡಿಲವಾಗುತ್ತದೆ. ತಂದೆಯಿಂದ ಈ ಕೆಲಸ ಕಲಿತ ಬೀದರಿನ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 1988ರಲ್ಲಿ ರಾಷ್ಟ್ರ ಪ್ರಶಸ್ತಿ, 2023ರಲ್ಲಿ ಪದ್ಮಶ್ರೀ ಬಂದಾಗ ಊರು ಹಿಗ್ಗಿತು. ಕುಶಲಕರ್ಮಿಯ ಹೆಸರು ಹೂಜಿಯ ತಳದಿಂದ ದಿಲ್ಲಿಯ ಸಭಾಂಗಣಕ್ಕೆ ಏರಿದ್ದು ಸಣ್ಣ ಸಂಗತಿಯಲ್ಲ.

ಆದರೆ ಈ ಹೊತ್ತಿಗೆ ಅಂಜಿಕೆಯೇ ಬದಲಾಗಿದೆ. ಹಿಂದೆ ಉಸ್ತಾದ, ಕಲಿತವನು ಎದುರಿಗೆ ಅಂಗಡಿ ಹಾಕಿದರೆ ಹೇಗೆ ಎಂದು ಅಂಜುತ್ತಿದ್ದ. ಈಗ ಕಲಿಯಲು ಬರುವವರೇ ಕಡಿಮೆ. ಬೆಳ್ಳಿಯ ಬೆಲೆ ಏರುತ್ತಿದೆ, ದಿನವೆಲ್ಲ ಬಗ್ಗಿ ಕುಳಿತರೂ ಕೂಲಿ ಗಿಟ್ಟುವುದಿಲ್ಲ. ಉಸ್ತಾದನ ಮಗನೇ ಹೈದರಾಬಾದಿಗೋ ಪುಣೆಗೋ ಬಸ್ಸು ಹತ್ತುತ್ತಾನೆ. ಹೇಳಬೇಕೆಂದು ಬಾಯಿ ತೆರೆದಾಗ ಎದುರಿನ ಚಾಪೆ ಖಾಲಿ. ನಂಬಿಕೆಗೆ ಎರಡು ಕಡೆ ಬೇಕು ಎಂಬುದು ಇಲ್ಲಿ ಹೆಚ್ಚು ಕಠಿಣವಾಗಿ ತಿಳಿಯುತ್ತದೆ. ಈ ಕಸುಬು ತನ್ನನ್ನು ಸಾಕೀತು ಎಂದು ಹುಡುಗನಿಗೂ ನಂಬಿಕೆ ಬರಬೇಕು. ಅದನ್ನು ಉಸ್ತಾದನೊಬ್ಬನೇ ಕೊಡಲಾರ. ಅಂಗಡಿಯಲ್ಲಿ ಚೌಕಾಶಿ ಮಾಡುವ ಗಿರಾಕಿಯೂ, ಕಚ್ಚಾ ಮಾಲು ಒದಗಿಸುವ ಸರ್ಕಾರವೂ ಅದರಲ್ಲಿ ಪಾಲುದಾರರು.

ಮುನ್ಶಿ ಕಾಕಾ ನಿವೃತ್ತರಾಗುವ ಹೊತ್ತಿಗೆ ಆ ಕೋಶದಲ್ಲಿ ಅವರ ಹೆಸರಿನ ಮೂವತ್ತಕ್ಕೂ ಹೆಚ್ಚು ಟಿಪ್ಪಣಿಗಳಿದ್ದವು. ಬರೆದವಳು ಔರಾದದ ಹುಡುಗಿ, ಹೇಳಿದವರು ಅವರು. ಆ ಟಿಪ್ಪಣಿಗಳ ಕೆಳಗೆ ಇತರರೂ ಮೆಲ್ಲಗೆ ತಮಗೆ ಗೊತ್ತಿದ್ದನ್ನು ಸೇರಿಸತೊಡಗಿದ್ದರು. ತಮಗೆ ಗೊತ್ತಿಲ್ಲದ್ದನ್ನೂ ಕೇಳತೊಡಗಿದ್ದರು. ಅಧಿಕಾರಿಗಳು ತಿಂಗಳಿಗೆ ಎರಡು ಎಂಬ ಸುತ್ತೋಲೆಯನ್ನು ಸದ್ದಿಲ್ಲದೆ ಹಿಂದಕ್ಕೆ ಪಡೆದರು. ಕಾಕಾ ಎಲ್ಲವನ್ನೂ ಕೊಟ್ಟರೆಂದು ಹೇಳಲಾಗದು. ಕೆಂಪು ರಟ್ಟಿನ ಎರಡು ನೋಟು ಬುಕ್ಕುಗಳು ಅವರ ಜೊತೆಗೇ ಮನೆಗೆ ಹೋದವು. ಅದನ್ನು ಯಾರೂ ಕೇಳಲೂ ಇಲ್ಲ. ಆದರೆ ಅವರು ಹೇಳಿ ಬರೆಸಿದ ಪ್ರತಿ ಟಿಪ್ಪಣಿಯ ಕೊನೆಗೆ ಒಂದೇ ವಾಕ್ಯವಿದೆ: ‘ಇಷ್ಟರ ಮೇಲೆ ತಿಳಿಯದಿದ್ದರೆ ಮನೆಗೆ ಬಂದು ಕೇಳಬೇಕು.’

ಭಾನುವಾರ ಬೆಳಿಗ್ಗೆ ಕೇಳುವವರು ಬರುತ್ತಾರೆ. ಭಾಲ್ಕಿಯಿಂದ ಒಬ್ಬರು, ಔರಾದದಿಂದ ಇಬ್ಬರು, ಕೈಯಲ್ಲಿ ಫೋನು, ಫೋನಿನಲ್ಲಿ ಹಳೆಯ ಕಾಗದದ ಚಿತ್ರ. ಚಹಾ ಬರುವವರೆಗೆ ಕಾಕಾ ಕನ್ನಡಕ ಒರೆಸಿಕೊಳ್ಳುತ್ತಾರೆ. ಆಮೇಲೆ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ, ಮೊದಲು ಚುಕ್ಕಿ ಎಲ್ಲಿದೆ ಎಂದು ಹುಡುಕುತ್ತಾರೆ.